ಹೊಸ ಕಾರಿನ ಕೊಟೇಶನ್‌ನಲ್ಲಿ ಇಷ್ಟೊಂದು 'ಎಕ್ಸ್‌ಟ್ರಾ' ಯಾಕೆ? ಹುಬ್ಬಳ್ಳಿ-ಧಾರವಾಡದಲ್ಲಿ ಕಾರು ತಗೊಂಡವರು ಸ್ವಲ್ಪ ಹೇಳಿ

ಉಣಕಲ್_ಹುಡುಗ
ಎಲ್ಲರಿಗೂ ನಮಸ್ಕಾರ ರೀ. ಮನೆಗೆ ಮೊದಲ ಹೊಸ ಕಾರು ತಗೊಳ್ಳುತ್ತಿದ್ದೇವೆ. 1200 ಸಿಸಿ ಪೆಟ್ರೋಲ್, ಚಿಕ್ಕದೇ. ಹುಬ್ಬಳ್ಳಿಯ ಒಂದು ಶೋರೂಮ್ ಕೊಟ್ಟ ಕೊಟೇಶನ್ ಕೆಳಗಿದೆ. ಶೋರೂಮ್ ಹೆಸರು ಬೇಡ, ಬ್ರ್ಯಾಂಡ್ ಕೂಡ ಬೇಡ.

ಎಕ್ಸ್ ಶೋರೂಮ್: 9,20,000
ರಸ್ತೆ ತೆರಿಗೆ, ನೋಂದಣಿ: 1,46,000
ಇನ್ಶೂರೆನ್ಸ್: 54,000
ಫಾಸ್ಟ್ಯಾಗ್: 600
ಎಸೆನ್ಷಿಯಲ್ ಕಿಟ್: 18,500
ಪೇಂಟ್ ಕೋಟಿಂಗ್, ಅಂಡರ್ ಬಾಡಿ ಕೋಟಿಂಗ್: 24,000
ಎಕ್ಸ್‌ಟೆಂಡೆಡ್ ವಾರಂಟಿ: 16,000
ರೋಡ್ ಸೈಡ್ ಅಸಿಸ್ಟೆನ್ಸ್: 2,500
ಹ್ಯಾಂಡ್ಲಿಂಗ್ ಚಾರ್ಜ್: 7,500
ಒಟ್ಟು: 11,89,100

ತೆರಿಗೆವರೆಗೆ ಅರ್ಥವಾಯಿತು. ಆಮೇಲಿನದರಲ್ಲಿ ಯಾವುದು ಕೊಡಲೇಬೇಕು, ಯಾವುದನ್ನು ಬೇಡ ಅನ್ನಬಹುದು? ಕೇಳಿದರೆ "ಎಲ್ಲಾ ಕಂಪಲ್ಸರಿ ಸರ್, ಸಿಸ್ಟಮ್‌ನಲ್ಲೇ ಹಂಗ ಬರ್ತದ" ಅಂದರು. ಮನೆಯಲ್ಲಿ ಅಪ್ಪ "ಶುಭ ಕೆಲಸಕ್ಕೆ ಹೋಗಿ ಚೌಕಾಸಿ ಮಾಡಬೇಡ" ಅಂತಾರೆ. ಬುಕಿಂಗ್ ದುಡ್ಡು ಇನ್ನೂ ಕೊಟ್ಟಿಲ್ಲ.

ಸಪ್ತಾಪುರದ_ಅಕ್ಕ
ಬುಕಿಂಗ್ ಕೊಟ್ಟಿಲ್ಲ ಅಲ್ವಾ? ಹಾಗಾದರೆ ಆಟ ಇನ್ನೂ ನಿಮ್ಮ ಕೈಯಲ್ಲೇ ಇದೆ. ಹ್ಯಾಂಡ್ಲಿಂಗ್ ಚಾರ್ಜ್ ಮೇಲೆ ಮೊದಲು ಗೆರೆ ಎಳೆಯಿರಿ.

ಕೇಶ್ವಾಪುರ_63
ಒಂಬತ್ತು ಲಕ್ಷದ ಕಾರು ತಗೊಳ್ಳುವವರು ಏಳು ಸಾವಿರಕ್ಕೆ ಜಗಳ ಮಾಡ್ತೀರಾ? ಎಲ್ಲಾ ಒಂದೇ ಕಡೆ ಆಗುತ್ತದೆ, ಓಡಾಟ ತಪ್ಪುತ್ತದೆ. ನಾನು ಪೂರ್ತಿ ಪ್ಯಾಕೇಜ್ ತಗೊಂಡೆ, ತಲೆನೋವು ಇಲ್ಲ.

ಸಪ್ತಾಪುರದ_ಅಕ್ಕ
ಏಳು ಸಾವಿರ ಅಲ್ಲ ರೀ. ಕಿಟ್, ಕೋಟಿಂಗ್, ಅಸಿಸ್ಟೆನ್ಸ್, ಹ್ಯಾಂಡ್ಲಿಂಗ್ ನಾಲ್ಕನ್ನೇ ಕೂಡಿಸಿ. 52,500 ಆಗುತ್ತದೆ. ಸಾಲದ ಮೇಲೆ ತಗೊಂಡರೆ ಅದಕ್ಕೂ ಬಡ್ಡಿ.

ಗದಗ_ಲೆಕ್ಕಪತ್ರ
ಕೊಟೇಶನ್ ಕೈಗೆ ಬಂದ ಕೂಡಲೇ ಮೂರು ಬಣ್ಣದ ಪೆನ್ನು ತಗೊಳ್ಳಿ. ಸರ್ಕಾರಕ್ಕೆ ಹೋಗುವುದು ಒಂದು, ವಿಮಾ ಕಂಪನಿಗೆ ಹೋಗುವುದು ಒಂದು, ಶೋರೂಮಿನಲ್ಲೇ ಉಳಿಯುವುದು ಒಂದು. ಮೊದಲನೆಯದರಲ್ಲಿ ಚರ್ಚೆ ಇಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 14, ಅದರ ಮೇಲೆ ಸೆಸ್. 10 ಲಕ್ಷ ದಾಟಿದರೆ ಶೇ. 17, 20 ಲಕ್ಷ ದಾಟಿದರೆ ಶೇ. 18. ನಿಮ್ಮ ಅಂಕಿ ಸರಿಯಾಗಿಯೇ ಕಾಣುತ್ತದೆ. ಆದರೂ ಆ ಸಾಲಿನಲ್ಲಿ 'ನೋಂದಣಿ' ಅಂತ ಸೇರಿಸಿ ಒಂದೆರಡು ಸಾವಿರ ತುರುಕುವವರಿದ್ದಾರೆ. ನೋಂದಣಿ ಶುಲ್ಕ ಕಾರಿಗೆ 600, ಸ್ಮಾರ್ಟ್ ಕಾರ್ಡಿಗೆ 200, ಸಾಲ ಇದ್ದರೆ ಅದನ್ನು ನೋಂದಣಿಯಲ್ಲಿ ಬರೆಸುವ ಹೈಪೋಥಿಕೇಶನ್‌ಗೆ 1,500. ತೆರಿಗೆ ಕಟ್ಟಿದ ರಸೀದಿ ಬೇಕು ಅಂತ ಈಗಲೇ ಹೇಳಿಬಿಡಿ. ರಸೀದಿ ಕೇಳುವ ಗಿರಾಕಿ ಅಂತ ಗೊತ್ತಾದರೆ ಅಂಕಿಗಳು ತಾವಾಗಿಯೇ ಇಳಿಯುತ್ತವೆ.

ನಂಬರ್ ಪ್ಲೇಟ್‌ಗೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಂಪನಿಯೇ ಕೊಡಬೇಕು.

ಬ್ಯಾಡಗಿ_ಘಾಟು
ಮೂರು ಬಣ್ಣದ ಪೆನ್ನು ತಗೊಂಡು ಶೋರೂಮಿಗೆ ಹೋದರೆ ಆಡಿಟರ್ ಬಂದ ಅಂತ ಚಹಾನೂ ಕೊಡಲ್ಲ ರೀ ಸರ್.

ಉಣಕಲ್_ಹುಡುಗ
ಹ್ಯಾಂಡ್ಲಿಂಗ್ ಅಂದರೆ ಏನು ಅಂತ ಕೇಳಿದೆ. ಕಾರ್ಖಾನೆಯಿಂದ ಗಾಡಿ ತರುವ ಖರ್ಚು, ಯಾರ್ಡಿನಲ್ಲಿ ಇಡುವ ಖರ್ಚು ಅಂದರು.

ಸೇಲ್ಸ್_ಬಿಟ್ಟವ
ನಾನು ಕೆಲವು ವರ್ಷ ಇದೇ ಕೆಲಸದಲ್ಲಿದ್ದೆ. ಈಗ ಬೇರೆ ವ್ಯವಹಾರ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಎಕ್ಸ್ ಶೋರೂಮ್ ಬೆಲೆ ಅಂದರೇನೇ ಗಾಡಿ ಶೋರೂಮಿಗೆ ಬಂದು ನಿಂತ ಬೆಲೆ. ತರುವ ಖರ್ಚು ಅದರಲ್ಲಿ ಸೇರಿದೆ. ಹ್ಯಾಂಡ್ಲಿಂಗ್ ಅನ್ನುವುದು ಪೂರ್ತಿ ಡೀಲರ್ ಜೇಬಿಗೆ. ಗಟ್ಟಿಯಾಗಿ ಕೇಳಿದವರಿಗೆ ತೆಗೆಯುತ್ತಿದ್ದೆವು, ಸುಮ್ಮನಿದ್ದವರಿಗೆ ಹಾಕುತ್ತಿದ್ದೆವು. ಕೆಲವು ಕಡೆ ಈಗ ಆ ಹೆಸರು ಬಿಟ್ಟು 'ಲಾಜಿಸ್ಟಿಕ್ಸ್', 'ಫೆಸಿಲಿಟೇಶನ್', 'ಸ್ಮಾರ್ಟ್ ಡೆಲಿವರಿ' ಅಂತೆಲ್ಲ ಬರೆಯುತ್ತಾರೆ. ಹೆಸರು ಯಾವುದೇ ಇರಲಿ, ಕೆಲಸ ಒಂದೇ.

ಆದರೆ ಇನ್ನೊಂದು ಕಡೆಯೂ ನೋಡಿ. ಚಿಕ್ಕ ಕಾರಿನಲ್ಲಿ ಡೀಲರಿಗೆ ಸಿಗುವ ಕಮಿಷನ್ ಬಹಳ ತೆಳು. ಅದರಲ್ಲೇ ಬಾಡಿಗೆ, ಸಂಬಳ, ನಿಂತ ಸ್ಟಾಕಿನ ಬಡ್ಡಿ ಎಲ್ಲ ನಡೆಯಬೇಕು. ಲಾಭ ಇರುವುದು ಇನ್ಶೂರೆನ್ಸ್, ಸಾಲ, ಆಕ್ಸೆಸರಿ ಮತ್ತು ಸರ್ವಿಸಿನಲ್ಲಿ. ನಿಮ್ಮ ಎದುರು ಕೂತ ಹುಡುಗನಿಗೆ ತಿಂಗಳಿಗೆ ಇಷ್ಟು ಕಾರು ಅಂತ ಮಾತ್ರ ಟಾರ್ಗೆಟ್ ಅಲ್ಲ, ಒಂದೊಂದು ಕಾರಿಗೆ ಇಷ್ಟು ಆಕ್ಸೆಸರಿ, ಇಷ್ಟು ವಾರಂಟಿ ಅಂತಲೂ ಇರುತ್ತದೆ. ಅವನ ಮೇಲೆ ರೇಗಬೇಡಿ. ತೆಗೆಯುವ ಅಧಿಕಾರ ಅವನಿಗಿಲ್ಲ. ಟೀಮ್ ಲೀಡರ್ ಅಥವಾ ಮ್ಯಾನೇಜರ್ ಹತ್ತಿರ ಕೂತು ಮಾತಾಡಿ, ತಿಂಗಳ ಕೊನೆಯ ವಾರದಲ್ಲಿ.

ಸಪ್ತಾಪುರದ_ಅಕ್ಕ
ಅವನ ಟಾರ್ಗೆಟ್ ನಾನ್ಯಾಕೆ ತುಂಬಿಸಬೇಕು? ಸಂಬಳ ಕೊಡುವುದು ಡೀಲರ್ ಕೆಲಸ.

ಸೇಲ್ಸ್_ಬಿಟ್ಟವ
ತುಂಬಿಸಬೇಡಿ ಅಕ್ಕಾರೆ. ರೇಗಬೇಡಿ ಅಂದೆ ಅಷ್ಟೇ.

ಕೇಶ್ವಾಪುರ_63
ಇನ್ಶೂರೆನ್ಸ್ ಮಾತ್ರ ಶೋರೂಮಿನಲ್ಲೇ ಮಾಡಿಸಬೇಕು ಅಲ್ವಾ? ಮೂರು ವರ್ಷದ್ದು ಕಡ್ಡಾಯ ಅಂತ ಕಾನೂನೇ ಇದೆ.

ಗದಗ_ಲೆಕ್ಕಪತ್ರ
ಎರಡು ಬೇರೆ ಬೇರೆ ವಿಷಯ ಕಲಸಿಬಿಟ್ಟಿದ್ದೀರಿ. ಮೂರು ವರ್ಷ ಕಡ್ಡಾಯ ಇರುವುದು ತರ್ಡ್ ಪಾರ್ಟಿ ಮಾತ್ರ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷ, ಬೈಕಿಗೆ ಐದು ವರ್ಷ. ನಮ್ಮದೇ ಗಾಡಿಗೆ ಆಗುವ ಡ್ಯಾಮೇಜ್‌ಗೆ ಅಂತ ಇರುವ ಓನ್ ಡ್ಯಾಮೇಜ್ ಭಾಗ ಒಂದು ವರ್ಷದ್ದು ಸಾಕು.

ಎಲ್ಲಿ ಮಾಡಿಸಬೇಕು ಅನ್ನುವುದು ಪೂರ್ತಿ ನಿಮ್ಮಿಷ್ಟ. ಡೀಲರ್‌ಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2017ರಲ್ಲಿ ನಿಯಮ ಮಾಡಿದೆ. ಗಿರಾಕಿಗೆ ಇಂಥದ್ದೇ ಕಂಪನಿ, ಇಲ್ಲೇ ತಗೊಳ್ಳಿ ಅಂತ ಒತ್ತಾಯ ಮಾಡುವಂತಿಲ್ಲ.

ಈಗ ದುಡ್ಡಿನ ಮಾತು. 1000ದಿಂದ 1500 ಸಿಸಿ ಕಾರಿನ ಮೂರು ವರ್ಷದ ತರ್ಡ್ ಪಾರ್ಟಿ ದರ 2022ರಲ್ಲಿ ನಿಗದಿಯಾದ ಪ್ರಕಾರ 10,640, ಜಿಎಸ್‌ಟಿ ಬೇರೆ. ಇದನ್ನು ಯಾರೂ ಕಡಿಮೆ ಮಾಡಲು ಬರುವುದಿಲ್ಲ. ಉಣಕಲ್ ತಮ್ಮಾ, ನಿಮ್ಮ 54,000ದಲ್ಲಿ ಉಳಿದದ್ದೆಲ್ಲ ಓನ್ ಡ್ಯಾಮೇಜ್ ಮತ್ತು ಅದಕ್ಕೆ ಅಂಟಿಸಿದ ಆಡ್-ಆನ್. ಚೌಕಾಸಿ ನಡೆಯುವುದು ಅಲ್ಲೇ. ಬ್ರೇಕ್-ಅಪ್ ಕೇಳಿ ಇಲ್ಲಿ ಹಾಕಿ ನೋಡೋಣ.

ಉಣಕಲ್_ಹುಡುಗ
ಕೇಳಿದೆ. ಝೀರೋ ಡೆಪ್, ಇಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್ವಾಯ್ಸ್, ಕನ್ಸ್ಯೂಮೆಬಲ್ಸ್, ಕೀ ಲಾಸ್, ಟೈರ್ ಕವರ್, ಪರ್ಸನಲ್ ಬಿಲಾಂಗಿಂಗ್ಸ್, ರೋಡ್ ಸೈಡ್ ಅಸಿಸ್ಟೆನ್ಸ್. ಜೊತೆಗೆ ಓನರ್ ಪರ್ಸನಲ್ ಆಕ್ಸಿಡೆಂಟ್ ಮೂರು ವರ್ಷಕ್ಕೆ.

ಗದಗ_ಲೆಕ್ಕಪತ್ರ
ನೋಡಿದಿರಾ? ರೋಡ್ ಸೈಡ್ ಅಸಿಸ್ಟೆನ್ಸ್ ವಿಮೆಯಲ್ಲಿ ಒಮ್ಮೆ ಇದೆ, ಕೊಟೇಶನ್‌ನಲ್ಲಿ 2,500ಕ್ಕೆ ಇನ್ನೊಮ್ಮೆ ಇದೆ. ಬಹಳಷ್ಟು ಕಂಪನಿಗಳು ಹೊಸ ಕಾರಿಗೆ ಸ್ವಲ್ಪ ಕಾಲ ತಾವೇ ಪುಕ್ಕಟೆ ಕೊಡುತ್ತವೆ. ಅದನ್ನೂ ಕೇಳಿ. ಒಂದೇ ಗಾಡಿ ಎಷ್ಟು ಸಲ ಕೆಟ್ಟು ನಿಲ್ಲಬೇಕು?

ಝೀರೋ ಡೆಪ್ (ಬದಲಿಸಿದ ಭಾಗಕ್ಕೆ ಸವಕಳಿ ಕಳೆಯದೆ ಕೊಡುವುದು) ಇಟ್ಟುಕೊಳ್ಳಿ, ಮೊದಲ ಕಾರಿಗೆ ಅದು ಬೇಕು. ರಿಟರ್ನ್ ಟು ಇನ್ವಾಯ್ಸ್ ಕೂಡ ಮೊದಲ ವರ್ಷ ಒಳ್ಳೆಯದು, ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಇನ್ವಾಯ್ಸ್ ಬೆಲೆ ಬರುತ್ತದೆ. ಇಂಜಿನ್ ಪ್ರೊಟೆಕ್ಟ್ ಮಳೆ ನೀರು ನಿಲ್ಲುವ ಕಡೆ ಇರುವವರಿಗೆ. ಉಣಕಲ್‌ನಲ್ಲಿ ನಿಮ್ಮ ಮನೆ ತಗ್ಗಿನಲ್ಲಿದೆಯೋ ಏರಿನಲ್ಲಿದೆಯೋ ನಿಮಗೇ ಗೊತ್ತು. ಕೀ, ಟೈರು, ಬ್ಯಾಗು ಇವನ್ನೆಲ್ಲ ಬಿಡಿ. ಪರ್ಸನಲ್ ಆಕ್ಸಿಡೆಂಟ್ 15 ಲಕ್ಷದ್ದು ಕಡ್ಡಾಯ ಹೌದು. ಆದರೆ ನಿಮ್ಮ ಹೆಸರಿನಲ್ಲಿ ಮೊದಲೇ ಅಷ್ಟು ಮೊತ್ತದ ಅಪಘಾತ ವಿಮೆ ಬೇರೆ ಕಡೆ ಇದ್ದರೆ ಬರೆದುಕೊಟ್ಟು ಇದನ್ನು ತೆಗೆಸಬಹುದು.

ಮನೆಯಲ್ಲಿ ಹಳೆ ಕಾರು ಇತ್ತಾ? ಅಪ್ಪನ ಹೆಸರಲ್ಲಿ?

ಉಣಕಲ್_ಹುಡುಗ
ಸೆಕೆಂಡ್ ಹ್ಯಾಂಡ್ ಒಂದಿತ್ತು ಸರ್, ಅಪ್ಪನ ಹೆಸರಿನದೇ. ಕ್ಲೇಮ್ ಯಾವತ್ತೂ ಮಾಡಿಲ್ಲ. ಹೋದ ತಿಂಗಳು ಮಾರಿದೆವು.

ಗದಗ_ಲೆಕ್ಕಪತ್ರ
ಹಾಗಾದರೆ ಹೊಸದನ್ನೂ ಅಪ್ಪನ ಹೆಸರಿನಲ್ಲೇ ತಗೊಳ್ಳಿ. ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕನದ್ದು. ಕ್ಲೇಮ್ ಇಲ್ಲದ ಐದು ವರ್ಷಕ್ಕೆ ಶೇ. 50ರವರೆಗೆ ಹೋಗುತ್ತದೆ. ಹಳೆ ವಿಮಾ ಕಂಪನಿಗೆ ಮಾರಾಟದ ಕಾಗದ ಕೊಟ್ಟು ಎನ್‌ಸಿಬಿ ರಿಟೆನ್ಶನ್ ಪತ್ರ ತಗೊಳ್ಳಿ, ಮೂರು ವರ್ಷ ನಡೆಯುತ್ತದೆ. ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಇದು ಸಾವಿರಗಟ್ಟಲೆ ಇಳಿಸುತ್ತದೆ. ಶೋರೂಮಿನವರು ಈ ಪ್ರಶ್ನೆ ತಾವಾಗಿ ಕೇಳುವುದು ಅಪರೂಪ.

ಕೇಶ್ವಾಪುರ_63
ಹೊರಗೆ ವಿಮೆ ಮಾಡಿದರೆ ಶೋರೂಮ್ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಸಿಗಲ್ಲ. ನಾಳೆ ಗುದ್ದಿಕೊಂಡಾಗ ಗೊತ್ತಾಗುತ್ತದೆ.

ಸೇಲ್ಸ್_ಬಿಟ್ಟವ
ಇದನ್ನು ನಾವೇ ಹೇಳಿಕೊಡುತ್ತಿದ್ದ ಡೈಲಾಗ್. ಕ್ಯಾಶ್‌ಲೆಸ್ ಸಿಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದೆಯಾ ಅನ್ನುವುದರ ಮೇಲೆ. ಪಾಲಿಸಿ ಎಲ್ಲಿ ಕೊಂಡಿರಿ ಅನ್ನುವುದರ ಮೇಲೆ ಅಲ್ಲ. ವಿಮಾ ಕಂಪನಿಯ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ಗ್ಯಾರೇಜ್ ಪಟ್ಟಿ ಇರುತ್ತದೆ. ಹುಬ್ಬಳ್ಳಿ, ಧಾರವಾಡ ಅಂತ ಹಾಕಿ ನೋಡಿ. ನಿಮ್ಮ ಬ್ರ್ಯಾಂಡಿನ ವರ್ಕ್‌ಶಾಪ್ ಅದರಲ್ಲಿದ್ದರೆ ಮುಗಿಯಿತು. ಇಲ್ಲದಿದ್ದರೆ ಆ ಕಂಪನಿ ಬಿಡಿ.

ಆದರೆ ಶೋರೂಮಿನಲ್ಲಿ ಮಾಡಿಸಿದರೆ ಕ್ಲೇಮ್ ಕಾಗದಪತ್ರ ಅವರೇ ಓಡಾಡಿ ಮಾಡುತ್ತಾರೆ, ಅದು ನಿಜ. ಅದಕ್ಕೆ ಒಂದು ಬೆಲೆ ಇದೆ. ಎಷ್ಟು ಅಂತ ನೀವೇ ತೀರ್ಮಾನ ಮಾಡಿ.

ಚಿಗರಿ_ಪ್ರಯಾಣಿಕ
ಧಾರವಾಡ-ಹುಬ್ಬಳ್ಳಿ ಓಡಾಟಕ್ಕೆ ಕಾರು ಯಾಕೆ ರೀ? ಚಿಗರಿ ಬಸ್ ಇದೆ, ಎಸಿ ಇದೆ, ಹ್ಯಾಂಡ್ಲಿಂಗ್ ಚಾರ್ಜ್ ಇಲ್ಲ.

ಬ್ಯಾಡಗಿ_ಘಾಟು
ಚಿಗರಿಯಲ್ಲಿ ಕೂರಲು ಜಾಗ ಸಿಕ್ಕಿದ ದಿನ ನುಗ್ಗಿಕೇರಿ ಹನುಮಪ್ಪನಿಗೆ ಕಾಯಿ ಒಡೆಸ್ತೀನಿ.

ಚಿಗರಿ_ಪ್ರಯಾಣಿಕ
ಬೆಳಿಗ್ಗೆ ಹತ್ತು ದಾಟಿದ ಮೇಲೆ ಬನ್ನಿ. ಸೀಟು ನಾನು ಹಿಡಿದಿಡ್ತೀನಿ, ಕಾಯಿ ನೀವು ತನ್ನಿ.

ರಾಣೆಬೆನ್ನೂರ_ಗ್ಯಾರೇಜ್
ಕೋಟಿಂಗ್ ಬಗ್ಗೆ ಯಾರೂ ಮಾತಾಡಲಿಲ್ಲ. 24,000 ಅಂದರೆ ಚಿಕ್ಕ ಮೊತ್ತ ಅಲ್ಲ.

ಅಂಡರ್ ಬಾಡಿಯಿಂದ ಶುರು ಮಾಡೋಣ. ಈಗಿನ ಕಾರಿನ ಬಾಡಿಯನ್ನು ಕಾರ್ಖಾನೆಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಮೂಲೆ ಮೂಲೆಗೂ ಹತ್ತುವ ಹಾಗೆ ಮಾಡಿರುತ್ತಾರೆ. ಅದರ ಮೇಲೆ ಕೆಳಗಡೆ ಕಲ್ಲು ಬಡಿಯುವ ಜಾಗಕ್ಕೆ ಪಿವಿಸಿ ಪದರ. ಶೋರೂಮಿನಲ್ಲಿ ಹೊಡೆಯುವ ಕಪ್ಪು ಸ್ಪ್ರೇ ಇದಕ್ಕಿಂತ ಗಟ್ಟಿ ಅಲ್ಲ. ಕೆಲವು ಹುಡುಗರು ಅವಸರದಲ್ಲಿ ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳನ್ನೇ ಮುಚ್ಚಿಬಿಡುತ್ತಾರೆ. ಆಮೇಲೆ ನೀರು ಒಳಗೇ ನಿಂತು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಸೈಲೆನ್ಸರ್ ಮೇಲೆ ಬಿದ್ದರೆ ವಾರಗಟ್ಟಲೆ ಸುಟ್ಟ ವಾಸನೆ.

ಕಾರವಾರ, ಅಂಕೋಲಾ ಕಡೆ ಮನೆ ಇದ್ದರೆ ನಾನೇ ಮಾಡಿಸಿ ಅನ್ನುತ್ತೇನೆ. ಉಪ್ಪುಗಾಳಿ ಬೇರೆ ಮಾತು. ಹುಬ್ಬಳ್ಳಿ, ಗದಗ, ಹಾವೇರಿ ಬಯಲು ಸೀಮೆಗೆ ಅದು ಬೇಡ. ಇಲ್ಲಿ ಸಮಸ್ಯೆ ಎರೆ ಮಣ್ಣು. ಮಳೆಗಾಲದಲ್ಲಿ ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿಕೊಂಡು ಒಣಗುತ್ತದೆ. ಅದಕ್ಕೆ ಮದ್ದು ಕೋಟಿಂಗ್ ಅಲ್ಲ, ನೀರಿನ ಪೈಪು.

ಪೇಂಟ್ ಮೇಲೆ ಹಚ್ಚುವುದು ಬಹುತೇಕ ಹೊಳಪಿನ ಪಾಲಿಶ್. ಕೆಲವು ತಿಂಗಳ ತೊಳೆತಕ್ಕೆ ಹೋಗುತ್ತದೆ. ಸೆರಾಮಿಕ್ ಸರಿಯಾಗಿ ಮಾಡಬೇಕು ಅಂದರೆ ಪೇಂಟ್ ಸ್ವಚ್ಛ ಮಾಡಿ, ಗೀರು ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಹಚ್ಚಿ, ಒಣಗಲು ಬಿಡಬೇಕು. ಡೆಲಿವರಿ ದಿನ ಬೆಳಿಗ್ಗೆ ಯಾರ್ಡಿನ ಬಿಸಿಲಲ್ಲಿ ನಿಲ್ಲಿಸಿ ಒರೆಸುವುದು ಸೆರಾಮಿಕ್ ಅಲ್ಲ. ಆಸೆ ಇದ್ದರೆ ಆಮೇಲೆ ಅದೇ ಕೆಲಸ ಮಾಡುವವರ ಹತ್ತಿರ ಹೋಗಿ.

ಶಿಗ್ಗಾವಿ_ಕಾಕಾ
ನನಗೆ ಹೇಳಿದ್ದು ಬೇರೆ. ಅಂಡರ್ ಬಾಡಿ ಮಾಡಿಸದಿದ್ದರೆ ಕಂಪನಿ ವಾರಂಟಿ ಹೋಗುತ್ತದಂತೆ.

ರಾಣೆಬೆನ್ನೂರ_ಗ್ಯಾರೇಜ್
ಇಲ್ಲ ಕಾಕಾ. ವಾರಂಟಿ ಪುಸ್ತಕದಲ್ಲಿ ಎಲ್ಲೂ ಹಾಗೆ ಬರೆದಿರುವುದಿಲ್ಲ. ತೋರಿಸಿ ಅನ್ನಿ. ವಾರಂಟಿಗೆ ತೊಂದರೆ ಬರುವುದು ಉಲ್ಟಾ ಕಡೆಯಿಂದ. ವೈರ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್, ದೊಡ್ಡ ಹಾರ್ನ್, ಫಾಗ್ ಲ್ಯಾಂಪ್ ಹಾಕಿಸಿದರೆ ವಿದ್ಯುತ್ ಭಾಗದ ಕ್ಲೇಮ್ ತಳ್ಳಿಹಾಕಲು ಅವರಿಗೆ ಕಾರಣ ಸಿಗುತ್ತದೆ. ಹೊರಗೆ ಹಾಕಿಸುವುದಾದರೆ ಕಪ್ಲರ್‌ಗೆ ಕಪ್ಲರ್ ಕೂರುವಂಥದ್ದು ಮಾತ್ರ.

ಇನ್ನು ಸೀಟ್ ಕವರ್. ಕಿಟ್‌ನಲ್ಲಿ ಅದೇ ದೊಡ್ಡ ಬೆಲೆಯದು. ಸೈಡ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಸೀಟಿನ ಪಕ್ಕದ ಹೊಲಿಗೆ ಹರಿದುಕೊಂಡು ಹೊರಗೆ ಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್ ಬಿಗಿದರೆ ಏನಾಗುತ್ತದೆ ಯೋಚಿಸಿ. ಏರ್‌ಬ್ಯಾಗ್ ಜಾಗ ಬಿಟ್ಟು ಹೊಲಿದ ಕವರ್ ಮಾತ್ರ ತಗೊಳ್ಳಿ, ಇಲ್ಲದಿದ್ದರೆ ಬಟ್ಟೆ ಸೀಟೇ ಇರಲಿ.

ಹಾನಗಲ್_ಎಸ್ಟೇಟ್
ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿ ರೀ. ನಮ್ಮ ಕಡೆ ರಾತ್ರಿ ಹಂದಿ, ನಾಯಿ, ಎಮ್ಮೆ ಎಲ್ಲಾ ಅಡ್ಡ ಬರುತ್ತವೆ. ಶೋರೂಮಿನವರೇ 14,000ಕ್ಕೆ ಹಾಕಿಕೊಟ್ಟರು.

ವಕೀಲ_ಮಾಳಮಡ್ಡಿ
ಶೋರೂಮಿನವರೇ ಹಾಕಿಕೊಟ್ಟರೂ ಅದು ಕಾನೂನುಬಾಹಿರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಪೆಟ್ಟು ನುಂಗಬೇಕಾದ ಮುಂಭಾಗ ನುಂಗುವುದಿಲ್ಲ, ಏರ್‌ಬ್ಯಾಗ್ ಲೆಕ್ಕವೂ ತಪ್ಪಬಹುದು. ಎದುರಿನ ಪಾದಚಾರಿಯ ಗತಿ ಹೇಳುವುದೇ ಬೇಡ.

ಹಾಗೆಯೇ ಕಪ್ಪು ಫಿಲ್ಮ್. 2012ರಲ್ಲಿ ಸುಪ್ರೀಂ ಕೋರ್ಟ್ ಅದರ ವಿರುದ್ಧ ಆದೇಶ ಕೊಟ್ಟ ಮೇಲೂ ಕಿಟ್‌ನಲ್ಲಿ 'ಸನ್ ಕಂಟ್ರೋಲ್' ಅಂತ ಸೇರಿಸುತ್ತಾರೆ. ಮುಂದಿನ-ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಹಾಯಬೇಕು. ದಂಡ ಕಟ್ಟುವವರು ನೀವು, ಅಂಟಿಸಿದವರಲ್ಲ.

ಹಾನಗಲ್_ಎಸ್ಟೇಟ್
ವಕೀಲರೇ, ಎಮ್ಮೆಗೆ 52ನೇ ಸೆಕ್ಷನ್ ಗೊತ್ತಿಲ್ಲವಲ್ಲ.

ಬ್ಯಾಡಗಿ_ಘಾಟು
ನನ್ನ ಹತ್ತಿರ 'ರೋಡೆಂಟ್ ಪ್ರೊಟೆಕ್ಷನ್' ಅಂತ 3,000 ಕೇಳಿದರು. ಇಂಜಿನ್ ಒಳಗೆ ಏನೋ ಸ್ಪ್ರೇ. ಮೆಕ್ಕೆಜೋಳದ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವನು ನಾನು, ಇಲಿ ಕಾಟ ಸುಳ್ಳಲ್ಲ. ಆದರೆ ಇಲಿಗಳು ಆ ಸ್ಪ್ರೇಯನ್ನು ಕ್ಯಾರೇ ಅನ್ನಲಿಲ್ಲ ಅಂತ ಪಕ್ಕದ ಅಂಗಡಿಯವರ ಕಾರು ನೋಡಿ ಗೊತ್ತಾಗಿತ್ತು. ನಾನು ಹೊಗೆಸೊಪ್ಪಿನ ಎಲೆ ಕಟ್ಟಿ ಇಟ್ಟಿದ್ದೇನೆ.

ಸಪ್ತಾಪುರದ_ಅಕ್ಕ
ಬ್ಯಾಡಗಿಯವರಾಗಿ ಮೆಣಸಿನಕಾಯಿ ಇಡಲಿಲ್ವಾ?

ಬ್ಯಾಡಗಿ_ಘಾಟು
ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಕ್ಕಾರೆ. ಇಲಿ ಉಂಡು ಕೆಂಪಗಾಗಿ ಹೋಗುತ್ತದೆ.

ರಾಣೆಬೆನ್ನೂರ_ಗ್ಯಾರೇಜ್
ಹೊಗೆಸೊಪ್ಪು ಇಡುವುದಾದರೆ ಬೆಲ್ಟ್, ಫ್ಯಾನ್, ಸೈಲೆನ್ಸರ್ ಹತ್ತಿರ ಬೇಡ. ಎಲ್ಲಕ್ಕಿಂತ ಒಳ್ಳೆಯದು ಗಾಡಿ ಒಂದೇ ಕಡೆ ದಿನಗಟ್ಟಲೆ ನಿಲ್ಲಿಸದೇ ಇರುವುದು.

ಉಣಕಲ್_ಹುಡುಗ
ಚರ್ಚೆ ಇಲಿಗೆ ಹೋಯಿತು :) ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಹೇಳಿ. ಅದೂ ದಂಡವೇ?

ಸೇಲ್ಸ್_ಬಿಟ್ಟವ
ಇಲ್ಲ, ಅದನ್ನು ನಾನು ಕೋಟಿಂಗ್ ಜೊತೆ ಸೇರಿಸುವುದಿಲ್ಲ. ಕಾರು ತಯಾರಿಸಿದ ಕಂಪನಿಯದೇ ಆದರೆ ತಗೊಳ್ಳಬಹುದು. ಡೀಲರ್ ತನ್ನದೇ ಹೆಸರಲ್ಲಿ ಅಥವಾ ಬೇರೆ ಯಾವುದೋ ಸಂಸ್ಥೆಯ ಹೆಸರಲ್ಲಿ ಕೊಟ್ಟರೆ ಬೇಡ. ಈಗ ಬಹಳ ಕಾರುಗಳಿಗೆ ಮೂರು ವರ್ಷ ಮಾಮೂಲಿ ವಾರಂಟಿ ಇದೆ, ಮಾರುತಿ ಕೂಡ 2024ರ ಜುಲೈಯಿಂದ ಮೂರು ವರ್ಷ ಅಥವಾ ಒಂದು ಲಕ್ಷ ಕಿಮೀ ಮಾಡಿದೆ. ಹಾಗಾಗಿ ಎಕ್ಸ್‌ಟೆಂಡೆಡ್ ಶುರುವಾಗುವುದು ನಾಲ್ಕನೇ ವರ್ಷಕ್ಕೆ. ಅದನ್ನು ಇವತ್ತೇ ಕೊಳ್ಳಬೇಕಿಲ್ಲ, ಮಾಮೂಲಿ ವಾರಂಟಿ ಮುಗಿಯುವ ಮೊದಲು ಕೊಂಡರೂ ಆಗುತ್ತದೆ. ತಡವಾದರೆ ಬೆಲೆ ಸ್ವಲ್ಪ ಏರುತ್ತದೆ ಅಷ್ಟೇ. ಟರ್ಬೊ, ಆಟೊಮ್ಯಾಟಿಕ್, ದೊಡ್ಡ ಪರದೆ ಇರುವ ಕಾರಾದರೆ ಇರಲಿ. ಸಾದಾ ಪೆಟ್ರೋಲ್ ಮ್ಯಾನುಯಲ್‌ಗೆ ಕಾಯಬಹುದು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಟೈರು ಇದರಲ್ಲಿ ಬರುವುದಿಲ್ಲ ಅನ್ನುವುದು ನೆನಪಿರಲಿ.

ಕುಂದಗೋಳ_ತೋಟ
ಸಾಲದ ಕಡೆಯೂ ನೋಡಿ. ಶೋರೂಮಿನಲ್ಲಿ ಕೂತಿರುವ ಬ್ಯಾಂಕಿನ ಹುಡುಗ ಸಾಲದ ಜೊತೆ ಜೀವ ವಿಮೆಯೊಂದನ್ನು ಸೇರಿಸಿಬಿಟ್ಟಿದ್ದ. ಸಹಿ ಹಾಕುವ ಮೊದಲು ಓದಿದ್ದಕ್ಕೆ ಕಂಡಿತು. "ಸಾಲ ಮಂಜೂರಾಗಲು ಬೇಕೇ ಬೇಕು" ಅಂದ. ಬೇಕಾಗಿಲ್ಲ. ನಾನು ನಮ್ಮೂರ ಗ್ರಾಮೀಣ ಬ್ಯಾಂಕಿಗೇ ಹೋದೆ. ಮೊದಲಿನ ವಿಕಾಸ ಗ್ರಾಮೀಣ ಬ್ಯಾಂಕ್ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಕಾಗದಕ್ಕೆ ಸ್ವಲ್ಪ ಜಾಸ್ತಿ ಓಡಾಡಿಸಿದರು, ಆದರೆ ಬಾಲ ಏನೂ ಅಂಟಿಸಲಿಲ್ಲ.

ಲಕ್ಕುಂಡಿ_ಪೈಕಿ
ಮೆಣಸಿನಕಾಯಿ ದುಡ್ಡು ನಗದು ಇದೆ. ನಗದು ಕೊಟ್ಟರೆ ಡಿಸ್ಕೌಂಟ್ ಜಾಸ್ತಿ ಸಿಗುತ್ತದಾ?

ಗದಗ_ಲೆಕ್ಕಪತ್ರ
ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಒಂದು ವ್ಯವಹಾರಕ್ಕೆ ತಗೊಳ್ಳುವಂತಿಲ್ಲ, ಆದಾಯ ತೆರಿಗೆ ನಿಯಮ ಇದೆ. ತಗೊಂಡವರಿಗೆ ಅಷ್ಟೇ ದಂಡ. ಬ್ಯಾಂಕಿಗೆ ಕಟ್ಟಿ ಅಲ್ಲಿಂದ ಕೊಡಿ. ಶೋರೂಮಿಗೆ ನಗದಿನ ಮೇಲೆ ಪ್ರೀತಿ ಏನಿಲ್ಲ, ಸಾಲದ ಗಿರಾಕಿ ಮೇಲೇ ಪ್ರೀತಿ ಜಾಸ್ತಿ. ಬ್ಯಾಂಕಿನಿಂದ ಕಮಿಷನ್ ಬರುತ್ತದೆ.

ಕಾರು 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಡೀಲರ್ ಎಕ್ಸ್‌ಟ್ರಾ ಅಲ್ಲ, ನಿಮ್ಮ ಪ್ಯಾನ್ ಮೇಲೆ ಜಮೆ ಆಗುತ್ತದೆ. ರಿಟರ್ನ್ ಹಾಕಿದರೆ ವಾಪಸ್ ಅಥವಾ ತೆರಿಗೆಗೆ ವಜಾ. ರಿಟರ್ನ್ ಹಾಕದ ರೈತರು ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಉಣಕಲ್_ಹುಡುಗ
ಇವತ್ತು ಮತ್ತೆ ಹೋಗಿ ಮ್ಯಾನೇಜರ್ ಜೊತೆ ಕೂತೆ. ಹ್ಯಾಂಡ್ಲಿಂಗ್, ಕೋಟಿಂಗ್, ಅಸಿಸ್ಟೆನ್ಸ್ ತೆಗೆದರು. ಕಿಟ್ "ಗಾಡಿಗೆ ಆಗಲೇ ಫಿಟ್ ಆಗಿದೆ" ಅಂತಾರೆ. ಇನ್ಶೂರೆನ್ಸ್‌ಗೆ ಹೊರಗೆ 37,500 ಸಿಕ್ಕಿದೆ ಅಂದೆ. "ನಮ್ಮಲ್ಲೇ ಮಾಡಿದರೆ ಮಾತ್ರ 12,000 ಡಿಸ್ಕೌಂಟ್, ಹೊರಗೆ ಮಾಡಿದರೆ ಅದು ಇಲ್ಲ" ಅಂದರು. ಆಮೇಲೆ ತಾವೇ 40,000ಕ್ಕೆ ಇಳಿಸಿ ಹೊಸ ಕೊಟೇಶನ್ ಕೊಟ್ಟರು, ಡಿಸ್ಕೌಂಟ್ ಹಾಗೇ. ಅಂದರೆ ಅಲ್ಲೇ ಮಾಡಿಸುವುದು ಲಾಭ ಅಲ್ವಾ?

ಗದಗ_ಲೆಕ್ಕಪತ್ರ
ಹೊಸ ಕೊಟೇಶನ್‌ನಲ್ಲಿ ಐಡಿವಿ, ಅಂದರೆ ಕಾರಿಗೆ ವಿಮೆಯಲ್ಲಿ ಹಿಡಿದ ಬೆಲೆ, ಎಷ್ಟಿದೆ ನೋಡಿ ಹೇಳಿ.

ಉಣಕಲ್_ಹುಡುಗ
8,00,000 ಅಂತ ಇದೆ. ಮೊದಲಿನದರಲ್ಲಿ 8,74,000 ಇತ್ತು.

ಗದಗ_ಲೆಕ್ಕಪತ್ರ
ಅಲ್ಲೇ ಸಿಕ್ಕಿಬಿದ್ದರು. ಹೊಸ ಕಾರಿಗೆ ಐಡಿವಿ ಎಕ್ಸ್ ಶೋರೂಮ್ ಬೆಲೆಯ ಶೇ. 95. ನಿಮ್ಮದಕ್ಕೆ 8,74,000ವೇ ಸರಿ. ಅದನ್ನು ಕಡಿಮೆ ತೋರಿಸಿದರೆ ಪ್ರೀಮಿಯಂ ಇಳಿಯುತ್ತದೆ, ಕಾರು ಕಳುವಾದ ದಿನ ನಿಮಗೆ ಬರುವುದೂ ಇಳಿಯುತ್ತದೆ. ಐಡಿವಿ ಮತ್ತು ಆಡ್-ಆನ್ ಎರಡೂ ಒಂದೇ ಇಟ್ಟು ಆಮೇಲೆ ಹೋಲಿಸಿ. ಎನ್‌ಸಿಬಿ ಎರಡರಲ್ಲೂ ಹಿಡಿದಿದ್ದಾರಾ ಅದನ್ನೂ ನೋಡಿ.

ಸೇಲ್ಸ್_ಬಿಟ್ಟವ
ಡಿಸ್ಕೌಂಟ್ ವಿಷಯದಲ್ಲಿ ಇನ್ನೊಂದು ಮಾತು. ಎರಡು ಥರ ಇರುತ್ತದೆ. ತಯಾರಕ ಕಂಪನಿಯೇ ಎಲ್ಲರಿಗೂ ಕೊಡುವುದು ಒಂದು. ಅದಕ್ಕೆ ಇನ್ಶೂರೆನ್ಸ್ ಷರತ್ತು ಹಾಕುವಂತಿಲ್ಲ. ಡೀಲರ್ ತನ್ನ ಕೈಯಿಂದ ಕೊಡುವುದು ಇನ್ನೊಂದು, ಅದು ನಿಮ್ಮ ಇನ್ಶೂರೆನ್ಸ್ ಕಮಿಷನ್‌ನಿಂದಲೇ ಬಂದದ್ದು. ಈ 12,000 ಯಾವುದು ಅಂತ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ. ಹೇಳುತ್ತಾರೆ.

'ಕಿಟ್ ಆಗಲೇ ಫಿಟ್ ಆಗಿದೆ' ಅನ್ನುವುದಕ್ಕೆ ಉತ್ತರ ಸುಲಭ. ಗಾಡಿ ಇನ್ನೂ ಅಲಾಟ್ ಆಗಿಲ್ಲ, ಬುಕಿಂಗ್ ಇಲ್ಲ, ಹಾಗಾದರೆ ಯಾವ ಗಾಡಿಗೆ ಫಿಟ್ ಆಗಿದೆ? ಚಾಸಿಸ್ ನಂಬರ್ ಕೊಡಿ ಅನ್ನಿ.

ಸಪ್ತಾಪುರದ_ಅಕ್ಕ
ಇದು ಚಲೋ ಪ್ರಶ್ನೆ!

ವಕೀಲ_ಮಾಳಮಡ್ಡಿ
ಇಷ್ಟೆಲ್ಲ ಆದ ಮೇಲೂ ಕಂಪಲ್ಸರಿ ಅಂದರೆ ಇಮೇಲ್‌ನಲ್ಲಿ ಬರೆದುಕೊಡಿ ಅನ್ನಿ. ಬರೆಯುವುದಿಲ್ಲ. ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕು ಅನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತದೆ, ಸೆಕ್ಷನ್ 2(41). ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಬಹಳಷ್ಟು ಪ್ರಕರಣ ಅಲ್ಲೇ ಮುಗಿಯುತ್ತವೆ, ಯಾಕಂದರೆ ತಯಾರಕ ಕಂಪನಿಯವರೆಗೆ ದೂರು ಹೋಗುತ್ತದೆ. ಮುಂದೆ ಹೋಗಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ. ಧಾರವಾಡ, ಗದಗ, ಹಾವೇರಿ ಮೂರರಲ್ಲೂ ಇದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ಶುಲ್ಕ ಕೆಲವು ನೂರು ರೂಪಾಯಿ. ವಕೀಲರು ಬೇಕೇ ಬೇಕು ಅಂತಿಲ್ಲ. (ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡೆ.)

ಕೇಶ್ವಾಪುರ_63
ಕೇಸು ಹಾಕಿ ಗೆದ್ದು ಬರುವಷ್ಟರಲ್ಲಿ ಕಾರು ಹಳೆಯದಾಗಿರುತ್ತದೆ. ಅದಕ್ಕಿಂತ ಬೆಳಗಾವಿಯಲ್ಲೋ ದಾವಣಗೆರೆಯಲ್ಲೋ ಇನ್ನೊಂದು ಕೊಟೇಶನ್ ತಗೊಳ್ಳುವುದು ಮೇಲು. ರಾಜ್ಯದೊಳಗೆ ತೆರಿಗೆ ಒಂದೇ.

ಸಪ್ತಾಪುರದ_ಅಕ್ಕ
ಇದನ್ನು ಮೊದಲೇ ಹೇಳಬಾರದಿತ್ತಾ ಕೇಶ್ವಾಪುರದವರೇ? ಒಳ್ಳೆಯ ಮಾತು.

ಉಣಕಲ್_ಹುಡುಗ
ಬೆಳಗಾವಿ ಕೊಟೇಶನ್ ವಾಟ್ಸಾಪ್‌ನಲ್ಲೇ ತರಿಸಿದೆ. ಅದರಲ್ಲಿ ಹ್ಯಾಂಡ್ಲಿಂಗ್ ಸಾಲೇ ಇಲ್ಲ. ಅದನ್ನು ತೋರಿಸಿದ ಮೇಲೆ ಇಲ್ಲಿ ಕಿಟ್ ಕೂಡ ಹೋಯಿತು, ಮ್ಯಾಟ್ ಮತ್ತು ಮಡ್ ಫ್ಲ್ಯಾಪ್ ಮಾತ್ರ ತಗೊಂಡೆ. ಇನ್ಶೂರೆನ್ಸ್ ಐಡಿವಿ 8,74,000 ಇಟ್ಟು, ಎನ್‌ಸಿಬಿ ಹಿಡಿದು 38,200ಕ್ಕೆ ಬಂತು. ಡಿಸ್ಕೌಂಟ್ ಇದೆ, ಅಲ್ಲೇ ಮಾಡಿಸುತ್ತಿದ್ದೇನೆ. ವಾರಂಟಿ ಆಮೇಲೆ ನೋಡೋಣ ಅಂದೆ. ಬುಕಿಂಗ್ ರಸೀದಿಯ ಹಿಂದೆ ಈ ಎಲ್ಲ ಅಂಕಿ ಬರೆಸಿ ಸೀಲ್ ಹಾಕಿಸಿಕೊಂಡಿದ್ದೇನೆ.

ರಾಣೆಬೆನ್ನೂರ_ಗ್ಯಾರೇಜ್
ಪೂರ್ತಿ ದುಡ್ಡು ಕಟ್ಟುವ ಮೊದಲು, ನೋಂದಣಿಗೂ ಮೊದಲು, ಹಗಲಿನಲ್ಲಿ ಯಾರ್ಡಿಗೆ ಹೋಗಿ ಗಾಡಿ ನೋಡಿ. ಚಾಸಿಸ್ ನಂಬರ್, ತಯಾರಾದ ತಿಂಗಳು, ಓಡೋಮೀಟರ್, ಟೈರಿನ ಮೇಲಿನ ನಾಲ್ಕು ಅಂಕಿ ನೋಡಿ. ಅದರಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ರಾತ್ರಿ ಟ್ಯೂಬ್ ಲೈಟಿನಲ್ಲಿ ಪೇಂಟ್ ಗೀರು ಕಾಣುವುದಿಲ್ಲ.

ನವಲಗುಂದ_ನಾಕು
ಫಾಸ್ಟ್ಯಾಗ್ 600 ಸರಿಯಾ?

ಗದಗ_ಲೆಕ್ಕಪತ್ರ
ಹೊಸ ಕಾರಿಗೆ ಟ್ಯಾಗ್ ಹಾಕಿಯೇ ಕೊಡಬೇಕು, 2017ರ ಡಿಸೆಂಬರ್‌ನಿಂದ ಹಾಗೆ. ಸಾಮಾನ್ಯವಾಗಿ ಟ್ಯಾಗಿಗೆ 100, ಠೇವಣಿ 200, ಉಳಿದದ್ದು ನಿಮ್ಮದೇ ಬ್ಯಾಲೆನ್ಸ್. ಬ್ಯಾಲೆನ್ಸ್ ಬಂದಿದೆಯಾ ಅಂತ ನೋಡಿಕೊಂಡರೆ ಸಾಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡಾಟ ಜಾಸ್ತಿ ಇದ್ದರೆ ವಾರ್ಷಿಕ ಪಾಸ್ ನೋಡಿ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್ ಅಥವಾ ಒಂದು ವರ್ಷ ಇತ್ತು. ರಾಜ್ಯ ಹೆದ್ದಾರಿ ಟೋಲಿಗೆ ನಡೆಯುವುದಿಲ್ಲ.

ಲಕ್ಷ್ಮೇಶ್ವರ_ತಂಗಿ
ಸ್ಕೂಟರಿಗೂ ಇದೇ ಕಥೆನಾ? ನನಗೆ ಗಾರ್ಡ್, ಫುಟ್‌ರೆಸ್ಟ್, ಕವರ್, ಹೆಲ್ಮೆಟ್ ಎಲ್ಲಾ ಸೇರಿಸಿ 6,800 ಹಾಕಿದ್ದಾರೆ. ಹೆಲ್ಮೆಟ್ ಒಂದಕ್ಕೇ 1,200.

ವಕೀಲ_ಮಾಳಮಡ್ಡಿ
ಹೆಲ್ಮೆಟ್ ಬಗ್ಗೆ ಕೇಂದ್ರ ಮೋಟಾರು ವಾಹನ ನಿಯಮ 138(4)(ಎಫ್) ಓದಿ ತಂಗಿ. ದ್ವಿಚಕ್ರ ವಾಹನ ಕೊಳ್ಳುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ತಯಾರಕರೇ ಒದಗಿಸಬೇಕು ಅಂತಿದೆ. ಅದನ್ನು ಬಿಲ್‌ನಲ್ಲಿ ಹಾಕಿ ಮಾರುವವರಿಗೆ ಈ ನಂಬರ್ ಹೇಳಿ ನೋಡಿ.

ಲಕ್ಷ್ಮೇಶ್ವರ_ತಂಗಿ
ಹೇಳಿದೆ ಸರ್. "ಅದು ಬೆಂಗಳೂರಿಗೆ ಮಾತ್ರ ಮೇಡಂ" ಅಂದರು.

ವಕೀಲ_ಮಾಳಮಡ್ಡಿ
ಹೆಸರಿನಲ್ಲೇ 'ಕೇಂದ್ರ' ಇದೆ, ಕೇಂದ್ರ ಅಂದರೆ ಲಕ್ಷ್ಮೇಶ್ವರವೂ ಸೇರಿತು. 1915ಕ್ಕೆ ಫೋನ್ ಮಾಡಿ, ಬಿಲ್ ಫೋಟೋ ಇಟ್ಟುಕೊಳ್ಳಿ.

ಬ್ಯಾಡಗಿ_ಘಾಟು
ತಂಗಿ, ಹೆಲ್ಮೆಟ್ ಪುಕ್ಕಟೆ ಕೊಟ್ಟರೆ ಅದರ ಮೇಲೆ ಕೋಟಿಂಗ್ ಹಾಕಲಾ ಅಂತ ಕೇಳ್ತಾರೆ, ಹುಷಾರು.